ರೇಷ್ಮೆಹುಳು ಕೊನೆ ಹಂತಕ್ಕೆ ಬಂದ ವಾರದಲ್ಲಿ ಮನೆಯ ಹೆಂಗಸಿನ ನಿದ್ದೆ, ಊಟ, ಬೆನ್ನು ಉಳಿಸೋದು ಹೇಗೆ?

ಸೊಪ್ಪಿನತೋಟ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ರೇಷ್ಮೆ ಗೊತ್ತಿರೋರೂ ಆರೋಗ್ಯದ ವಿಷಯ ಗೊತ್ತಿರೋರೂ ಇಬ್ಬರೂ ಉತ್ತರ ಕೊಟ್ಟರೆ ಅನುಕೂಲ.

ಒಂದು ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟ, ಸಲಕ್ಕೆ 150 ಮೊಟ್ಟೆ (ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು) ಸಿಬಿ, ಅಂದರೆ ಮಿಶ್ರತಳಿ, ಚಾಕಿ ಹುಳು (ಎಳೆ ಹುಳು) ಹೊರಗಿಂದ ತರೋದು, ಕಡ್ಡಿಸೊಪ್ಪಿನ ಸಾಕಣೆ. ಜೊತೆಗೆ ಎರಡು ಸೀಮೆಹಸು, ಎರಡು ಹೊತ್ತೂ ಡೈರಿಗೆ ಹಾಲು. ಮನೇಲಿ ಗಂಡ, ಸಕ್ಕರೆ ಕಾಯಿಲೆ ಇರೋ ಅತ್ತೆ, ಏಳನೇ ಕ್ಲಾಸಿನ ಮಗ, ಎಸ್ಸೆಸ್ಸೆಲ್ಸಿ ಮಗಳು. ನಾಲ್ಕನೇ ಜ್ವರ (ಹುಳು ತಿನ್ನೋದು ನಿಲ್ಲಿಸಿ ಪೊರೆ ಬಿಡೋ ಹೊತ್ತು) ಎದ್ದ ಮೇಲೆ ದಿನಕ್ಕೆ ನಾಲ್ಕು ಸಲ ಸೊಪ್ಪು: ಬೆಳಿಗ್ಗೆ 5, 11, ಸಂಜೆ 4, ರಾತ್ರಿ 11. ಈ ಲೆಕ್ಕದಲ್ಲಿ ಮನೆಯಾಕೆಯಾದ ನನಗೆ ಒಟ್ಟಿಗೆ ಐದು ಗಂಟೆ ನಿದ್ದೆಯೂ ಸಿಗಲ್ಲ. ಹುಳು ಹಣ್ಣಾಗೋ (ಗೂಡು ಕಟ್ಟೋಕೆ ಸಿದ್ಧವಾಗೋ) ಹೊತ್ತಿಗೆ ಎರಡು ರಾತ್ರಿ ಪೂರ್ತಿ ಜಾಗರಣೆ.

ಹಿಮೋಗ್ಲೋಬಿನ್ 9.6 ಬಂದಿದೆ. ಆಶಾ ಕೊಟ್ಟ ಕೆಂಪು ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತೆ. ಸೊಂಟ ಹಿಡಿದುಕೊಂಡರೆ ಬೆಳಿಗ್ಗೆ ಏಳೋಕೆ ಆಗಲ್ಲ.

ಹುಳು ಬಿಡೋ ಹಾಗಿಲ್ಲ, ಹಸು ಮಾರೋ ಹಾಗಿಲ್ಲ. ಗೂಡಿನ ಇಳುವರಿ ಕೆಡದ ಹಾಗೆ ಯಾವ ಕೆಲಸ ಕಡಿಮೆ ಮಾಡಬಹುದು, ಯಾವುದನ್ನ ಬೇರೆಯವರಿಗೆ ದಾಟಿಸಬಹುದು? "ಒತ್ತಡ ಕಡಿಮೆ ಮಾಡ್ಕೊಳ್ಳಿ, ನಿಮಗಾಗಿ ಸಮಯ ಕೊಡಿ" ಅನ್ನೋ ಮಾತು ಬೇಡ. ಗಂಟೆ, ಅಳತೆ ಸಮೇತ ಹೇಳಿ.

ಹುಳುಮನೆ_ಲೆಕ್ಕ, ಚಿಂತಾಮಣಿ

ಮೊದಲು ಸೊಪ್ಪಿನ ಹೊತ್ತು ಸರಿ ಮಾಡಿಕೊಳ್ಳಿ, ನಿದ್ದೆ ಅಲ್ಲೇ ಸಿಗುತ್ತೆ.

ದಿನಕ್ಕೆ ನಾಲ್ಕೈದು ಸಲ ಹಾಕೋದು ತಟ್ಟೆಯಲ್ಲಿ ಬಿಡಿ ಎಲೆ ಕೊಡುತ್ತಿದ್ದ ಕಾಲದ ರೂಢಿ. ಕಿತ್ತ ಎಲೆ ಬೇಗ ಬಾಡುತ್ತೆ, ಅದಕ್ಕೆ ಆಗಾಗ ಹಾಕಬೇಕಿತ್ತು. ಕಡ್ಡಿ ಸಮೇತ ಹಾಕಿದ ಸೊಪ್ಪು ಅದಕ್ಕಿಂತ ತುಂಬಾ ಹೊತ್ತು ಹಸಿಯಾಗಿರುತ್ತೆ. ಕೊನೆ ಹಂತಕ್ಕೆ ಮೂರು ಸಲ ಸಾಕು: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 9. ದಿನದ ಸೊಪ್ಪನ್ನು ಹತ್ತು ಪಾಲು ಮಾಡಿದರೆ ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ರಾತ್ರಿ ನಾಲ್ಕು. ರಾತ್ರಿ ತಂಪು, ತೇವ ಹೆಚ್ಚು, ಸೊಪ್ಪು ಬಾಡಲ್ಲ, ಹುಳು ಪೂರ್ತಿ ತಿನ್ನುತ್ತೆ. ಹತ್ತಕ್ಕೆ ಮಲಗಿ ಐದೂವರೆಗೆ ಎದ್ದರೂ ಏಳೂವರೆ ಗಂಟೆ ಒಟ್ಟಿಗೆ ಸಿಕ್ಕಿತು.

ಮೂರು ಸಲಕ್ಕೆ ಇಳಿಸಿದಾಗ ಕೆಡೋದು ಒಂದೇ ಕಡೆ. ಹುಳು ಒತ್ತಾಗಿದ್ದರೆ ಮೇಲಿನವು ತಿನ್ನುತ್ತವೆ, ಕೆಳಗಿನವು ಹಸಿದಿರುತ್ತವೆ, ಹುಳು ದಪ್ಪ ಸಣ್ಣ ಆಗುತ್ತೆ. ನೂರು ಮೊಟ್ಟೆಗೆ ಕೊನೆಯಲ್ಲಿ 600 ರಿಂದ 700 ಚದರ ಅಡಿ ಜಾಗ ಬೇಕು, ಅಂದರೆ ನಿಮ್ಮ 150 ಕ್ಕೆ 900 ಕ್ಕಿಂತ ಕಡಿಮೆ ಇರಬಾರದು. ಅಷ್ಟು ಜಾಗ ಇಲ್ಲದಿದ್ದರೆ 120 ಮೊಟ್ಟೆಗೆ ಇಳಿಸಿ. ಒತ್ತಾಗಿ ಸಾಕಿದ 150 ರಲ್ಲಿ ಸಪ್ಪೆರೋಗ ಬಂದು ಹೋಗೋದಕ್ಕಿಂತ ಬಿಡಿಸಿ ಸಾಕಿದ 120 ರ ಗೂಡು ಗಟ್ಟಿ ಇರುತ್ತೆ. ಮೈಗೂ ಐದನೇ ಒಂದು ಭಾಗ ಕೆಲಸ ಕಡಿಮೆ. ದಯವಿಟ್ಟು ಇದನ್ನ ಸೋಲು ಅಂದ್ಕೊಬೇಡಿ.

ಸೊಪ್ಪು ಕೊಯ್ಯೋದು ದಿನಕ್ಕೆ ಎರಡೇ ಸಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮಧ್ಯಾಹ್ನದ್ದು. ಸಂಜೆ ನಾಲ್ಕೂವರೆ ಮೇಲೆ ರಾತ್ರಿಯದೂ ಮಾರನೇ ಬೆಳಗಿನದೂ ಒಟ್ಟಿಗೆ. ಬೆಳಗಿನ ಸೊಪ್ಪು ಹಿಂದಿನ ಸಂಜೆಯೇ ಮನೆಗೆ ಬಂದಿದ್ದರೆ ಆಕೆ ಕತ್ತಲಲ್ಲಿ ಎದ್ದು ತೋಟಕ್ಕೆ ಓಡೋದು ತಪ್ಪುತ್ತೆ.

ಎರಡನೇದು ತಾರೀಖು. ಎರಡನೇ ಜ್ವರ ಎದ್ದ ಹುಳು ಮನೆಗೆ ಬಂದ ದಿನದಿಂದ ಎಣಿಸಿ. ಮೂರನೇ ಹಂತ ಮೂರು ದಿನ, ಜ್ವರ ಒಂದು ದಿನ. ನಾಲ್ಕನೇ ಹಂತ ನಾಲ್ಕು ದಿನ, ಜ್ವರ ಒಂದೂಕಾಲು ದಿನ. ಅಲ್ಲಿಗೆ ಒಂಬತ್ತು ಚಿಲ್ಲರೆ. ಹತ್ತನೇ ದಿನದಿಂದ ಹದಿನಾರು ಹದಿನೇಳನೇ ದಿನದವರೆಗೆ ಭಾರದ ವಾರ. ಒಟ್ಟು ಸೊಪ್ಪಿನಲ್ಲಿ ಶೇ. 80 ಕ್ಕಿಂತ ಹೆಚ್ಚು ಹೋಗೋದು ಈ ವಾರದಲ್ಲೇ. ಚಳಿಗಾಲದಲ್ಲಿ ಒಂದೆರಡು ದಿನ ಮುಂದಕ್ಕೆ ಹೋಗುತ್ತೆ. ಚಾಕಿಗೆ ಹೇಳೋ ಮುಂಚೆ ಕ್ಯಾಲೆಂಡರ್ ಮೇಲೆ ಈ ವಾರಕ್ಕೆ ಗೆರೆ ಎಳೀರಿ. ಅದರೊಳಗೆ ಮಗಳ ಪರೀಕ್ಷೆ, ವರಮಹಾಲಕ್ಷ್ಮಿ, ಊರ ಜಾತ್ರೆ, ಹಸು ಕರು ಹಾಕೋ ದಿನ ಬಿದ್ದರೆ ಚಾಕಿಯನ್ನೇ ಐದಾರು ದಿನ ಮುಂದೂಡಿ. ಚಾಕಿ ಕೇಂದ್ರದವರಿಗೆ ಮೊದಲೇ ಹೇಳಿದರೆ ತಾರೀಖು ಬದಲಾಯಿಸೋದು ಕಷ್ಟವಲ್ಲ. ಹುಳು ಬಂದ ಮೇಲೆ ಯಾರೂ ಏನೂ ಮಾಡೋಕಾಗಲ್ಲ.

ಮೂರನೇದು ಜಾಗರಣೆ. ಹುಳು ಒಂದೇ ಸಲ ಹಣ್ಣಾಗದೆ ಎರಡು ಮೂರು ದಿನ ಎಳೆದಾಡೋದರಿಂದ ರಾತ್ರಿಯೆಲ್ಲ ಆರಿಸಿ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟೋ ತಟ್ಟಿಗೆ) ಬಿಡಬೇಕಾಗುತ್ತೆ. ಇದಕ್ಕೆ "ಸಂಪೂರ್ಣ" ಅನ್ನೋ ದ್ರಾವಣ ಇದೆ, ಗಿಡಮೂಲದ್ದು. ನೂರಕ್ಕೆ ಐದು ಹುಳು ಹಣ್ಣಾದದ್ದು ಕಂಡಾಗ ಸೊಪ್ಪಿನ ಮೇಲೆ ಸಿಂಪಡಿಸಿ ಕೊಟ್ಟರೆ ಸುಮಾರು ಒಂದು ದಿನದೊಳಗೆ ಬಹುಪಾಲು ಒಟ್ಟಿಗೆ ಹಣ್ಣಾಗುತ್ತೆ. ಅಳತೆ ಬಾಟಲಿ ಮೇಲೆ ಬರೆದಿರುತ್ತೆ, ಅದನ್ನೇ ಅನುಸರಿಸಿ. ತಪ್ಪಾಗೋದು ಹೊತ್ತಿನಲ್ಲಿ. ಯಾವ ಹುಳುವೂ ಹಣ್ಣಾಗೋ ಮುಂಚೆ ಕೊಟ್ಟರೆ ತಿನ್ನೋದು ಬೇಗ ನಿಂತು ಗೂಡು ತೆಳ್ಳಗಾಗುತ್ತೆ. ಮಧ್ಯಾಹ್ನದ ಸೊಪ್ಪಿಗೋ ರಾತ್ರಿಯದಕ್ಕೋ ಕೊಟ್ಟರೆ ಹುಳು ಬಿಡೋ ಕೆಲಸ ಮಾರನೇ ಹಗಲಿಗೆ ಬರುತ್ತೆ, ಆಳು ಸಿಗುತ್ತೆ. ಜ್ವರವೇ ಒಂದೇ ಸಮ ಕೂರದ ಹುಳುವಿಗೆ ಇದರಿಂದ ಅಷ್ಟು ಲಾಭ ಇಲ್ಲ. ಅದಕ್ಕೆ ನೂರರಲ್ಲಿ 95 ಹುಳು ಜ್ವರಕ್ಕೆ ಕೂತ ಮೇಲೆ ಸೊಪ್ಪು ನಿಲ್ಲಿಸಿ ಸುಣ್ಣ ಉದುರಿಸಿ, ಹಾಗೇ ನೂರರಲ್ಲಿ 95 ಎದ್ದ ಮೇಲೆ ಮೊದಲ ಸೊಪ್ಪು ಹಾಕಿ. ಎದ್ದ ನಾಲ್ಕು ಹುಳು ನೋಡಿ ಅವಸರಪಟ್ಟು ಹಾಕೋದೇ ಮುಂದಿನ ಎಲ್ಲ ಏರುಪೇರಿಗೂ ಮೂಲ.

ಹುಳು ಬಿಡೋ ದಿನ, ಗೂಡು ಬಿಡಿಸೋ ದಿನ ಮುಯ್ಯಾಳು ಮಾಡಿಕೊಳ್ಳಿ. ಅಕ್ಕಪಕ್ಕದ ಮೂರು ಮನೆಯವರು ಚಾಕಿ ತಾರೀಖನ್ನ ಐದೈದು ದಿನ ಹಿಂದೆ ಮುಂದೆ ಇಟ್ಟುಕೊಂಡರೆ ಎಲ್ಲರ ಮನೆಯ ಭಾರದ ದಿನ ಒಂದೇ ದಿನ ಬೀಳಲ್ಲ. ಚಂದ್ರಿಕೆಗೆ ಚದರ ಅಡಿಗೆ 40 ರಿಂದ 50 ಹುಳು ದಾಟಬೇಡಿ. ಒತ್ತಿದರೆ ಜೋಡಿಗೂಡು, ಕಲೆಗೂಡು ಹೆಚ್ಚಿ ಆಮೇಲೆ ಆರಿಸೋ ಕೆಲಸವೂ ಅದೇ ಆಕೆಯ ತಲೆಗೇ ಬರುತ್ತೆ.

ಇನ್ನೊಂದು. ಹುಳು ಬಿಟ್ಟು ಐದಾರನೇ ದಿನಕ್ಕೇ ಗೂಡು ಬಿಡಿಸೋದು. ನಡುವೆ ಮೂರು ದಿನ ಹುಳುಮನೇಲಿ ಗಾಳಿ ಆಡೋ ಹಾಗೆ ನೋಡಿಕೊಳ್ಳೋದು ಬಿಟ್ಟರೆ ಕೆಲಸ ಇಲ್ಲ. ಆ ಮೂರು ದಿನಾನ ನಮ್ಮ ಕಡೆ ಒಗೆಯೋ ಬಟ್ಟೆ, ಬಾಕಿ ಸಾರಣೆ, ನೆಂಟರ ಮನೆಗೆ ಕೊಟ್ಟುಬಿಡ್ತಾರೆ. ಅದರಲ್ಲಿ ಒಂದು ದಿನವಾದರೂ ಆಕೆಯದಾಗಿ ಉಳೀಲಿ. ಹಿಕ್ಕೆ, ಕಡ್ಡಿ ಹೊರಗೆ ಹಾಕೋ ಕೆಲಸಕ್ಕೆ ಒಬ್ಬ ಆಳು ಹಚ್ಚಿ, ಅದನ್ನ ಮೊದಲ ದಿನವೇ ಮುಗಿಸಿ.

ತಾಯಿಕಾರ್ಡು, ಗೌರಿಬಿದನೂರು

ಆರೋಗ್ಯದ ಭಾಗ ಹೇಳ್ತೀನಿ ಅಕ್ಕ.

ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8 ರಿಂದ 10.9 ಮಧ್ಯಮ, 8 ಕ್ಕಿಂತ ಕೆಳಗೆ ತೀವ್ರ. 9.6 ಅಂದರೆ ಮಧ್ಯಮ. ಸೊಪ್ಪಿನ ಹೊರೆ ಹೊತ್ತು ಬಂದಾಗ ಎದೆ ಹೊಡ್ಕೊಳ್ಳೋದು, ಮೆಟ್ಟಿಲು ಹತ್ತಿದರೆ ಏದುಸಿರು, ಸಣ್ಣದಕ್ಕೂ ಸಿಟ್ಟು, ಇವೆಲ್ಲ ಇದರಿಂದಲೇ ಇರಬಹುದು. "ವಯಸ್ಸಾಯ್ತು" ಅಂತ ಸುಮ್ಮನಾಗೋ ಸಂಖ್ಯೆ ಅಲ್ಲ ಇದು.

ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ವಾರಕ್ಕೊಂದು ಅಂತ ಕೊಡೋದು ರಕ್ತಹೀನತೆ ಬರದೇ ಇರಲಿ ಅಂತ. ಬಂದ ಮೇಲೆ ವಾರಕ್ಕೊಂದು ಸಾಲದು, ದಿನವೂ ಬೇಕು, ಎಷ್ಟು ಅನ್ನೋದನ್ನ ಪಿಎಚ್‌ಸಿ ವೈದ್ಯರು ಹೇಳ್ತಾರೆ. ಹೊಟ್ಟೆ ತೊಳಸೋದು ಬಹಳ ಸಲ ಖಾಲಿ ಹೊಟ್ಟೇಲಿ ತಗೊಂಡಾಗ. ರಾತ್ರಿ ಒಂಬತ್ತರ ಸೊಪ್ಪು ಹಾಕಿ ಊಟ ಮಾಡಿ ಮಲಗೋ ಮುಂಚೆ ತಗೊಳ್ಳಿ, ತೊಳಸೋ ಹೊತ್ತಿಗೆ ನಿದ್ದೆ ಬಂದಿರುತ್ತೆ. ಆಗಲೂ ಒಗ್ಗದಿದ್ದರೆ ದಿನ ಬಿಟ್ಟು ದಿನ ಕೊಡಬಹುದಾ ಅಂತ ವೈದ್ಯರನ್ನ ಕೇಳಿ. ಪೂರ್ತಿ ನಿಲ್ಲಿಸಬೇಡಿ. ಮಲ ಕಪ್ಪಗಾಗುತ್ತೆ, ಹೆದರಬೇಡಿ.

ಮಾತ್ರೆಯ ಹಿಂದೆ ಮುಂದೆ ಒಂದೊಂದು ಗಂಟೆ ಟೀ, ಕಾಫಿ ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಬೆಳಿಗ್ಗೆ, ಇದು ರಾತ್ರಿ, ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಮೈಗೆ ಹತ್ತಲ್ಲ. ಹಾಲಿನ ಜೊತೆಯೂ ಬೇಡ. ನಿಂಬೆಹಣ್ಣಿನ ನೀರು, ಸೀಬೆಹಣ್ಣು, ನೆಲ್ಲಿಕಾಯಿ ಇದ್ದರೆ ಜೊತೆಗೆ ತಗೊಳ್ಳಿ. ಜಂತುಹುಳದ ಮಾತ್ರೆ, ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದು ಸಲ ತಗೊಳ್ಳೋದು ಮರೀಬೇಡಿ. ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಆದರೂ ಏರಿರಬೇಕು. ಏರಿಲ್ಲ ಅಂದರೆ ಬೇರೆ ಕಾರಣ ಇದೆ. ಏರಿ 12 ಮುಟ್ಟಿದ ಮೇಲೂ ಎರಡು ಮೂರು ತಿಂಗಳು ಬಿಡಬೇಡಿ, ಮೈಯೊಳಗಿನ ದಾಸ್ತಾನು ತುಂಬೋದು ಆವಾಗ.

ಆ ಬೇರೆ ಕಾರಣದಲ್ಲಿ ನಮ್ಮ ಕಡೆ ಹೆಚ್ಚಾಗಿ ಮುಚ್ಚಿಡೋದು ಮುಟ್ಟಿನ ರಕ್ತಸ್ರಾವ. ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡು ಬದಲಾಯಿಸಬೇಕಾದರೆ, ದೊಡ್ಡ ಗಡ್ಡೆ ಹೋದರೆ ಸ್ಕ್ಯಾನಿಂಗ್ ಆಗಬೇಕು, ಗರ್ಭಕೋಶದಲ್ಲಿ ಗಂಟು ಇರಬಹುದು. ಜೊತೆಗೆ ಥೈರಾಯ್ಡ್ ಒಂದು ಸಲ. ಬಸ್ಸಿಗೆ ದುಡ್ಡಿಲ್ಲ ಅನ್ನೋ ಮಾತು 2023 ರ ಜೂನ್‌ನಿಂದ ಇಲ್ಲವಲ್ಲ, ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆಧಾರ್ ಕಾರ್ಡ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬನ್ನಿ. ಹೋಗಬೇಕಾದ ದಿನ ಹುಳು ಜ್ವರಕ್ಕೆ ಕೂತ ದಿನ, ಇಲ್ಲ ಹುಳು ಬಿಟ್ಟ ಎರಡನೇ ದಿನ.

ಊಟ. ರಾಗಿಮುದ್ದೆ ತಿನ್ನೋರಿಗೆ ರಕ್ತ ಹೇಗೆ ಕಮ್ಮಿ ಅಂತ ಕೇಳ್ತಾರೆ. ರಾಗಿಯಲ್ಲಿ ಸುಣ್ಣದಂಶ ತುಂಬಾ ಇದೆ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಮಾತ್ರ, ಅದೂ ಪೂರ್ತಿ ಹತ್ತಲ್ಲ. ಮೊಳಕೆ ಕಟ್ಟಿದರೆ ಹೆಚ್ಚು ಹತ್ತುತ್ತೆ. ಒಂದು ಕೆಜಿ ರಾಗಿ ತೊಳೆದು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಬಟ್ಟೇಲಿ ಕಟ್ಟಿ ಒಂದು ದಿನ ಇಡಿ. ಮೊಳಕೆ ಅಕ್ಕಿಕಾಳಿನಷ್ಟು ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಮಿಲ್ಲಿಗೆ ಕೊಡಿ. ನೀರು ಪೂರ್ತಿ ಬಸಿಯದಿದ್ದರೆ ಮುಗ್ಗಲು ವಾಸನೆ ಬರುತ್ತೆ, ಹಾಗಾದರೆ ಬಳಸಬೇಡಿ. ಭಾರದ ವಾರಕ್ಕೆ ಇದೇ ದೊಡ್ಡ ಆಸರೆ: ಮೂರು ಚಮಚ ಹಿಟ್ಟು, ಒಂದು ಲೋಟ ನೀರು, ಉಪ್ಪು, ಕುದಿಸಿ ಆರಿಸಿದರೆ ಬೆಳಿಗ್ಗೆ ಹತ್ತು ಗಂಟೆಗೆ ತೋಟದಲ್ಲೇ ಕುಡೀಬಹುದು. ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಸುಮಾರು 30 ಗ್ರಾಂ, ಅದರಲ್ಲಿ ಏಳು ಗ್ರಾಂ ಪ್ರೋಟೀನು. ಸಾರು ಹುರುಳಿಕಾಳಿನದು, ನುಗ್ಗೆಸೊಪ್ಪಿನ ಬಸ್ಸಾರು, ತಿನ್ನೋರಾದರೆ ದಿನಕ್ಕೊಂದು ಮೊಟ್ಟೆ. ಮುದ್ದೆ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡೋದು ರೂಢಿ ಮಾಡಿಕೊಳ್ಳಿ.

ಕುಡಿಯೋ ನೀರಿನ ವಿಷಯ ಬಿಡೋ ಹಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ. ವರ್ಷಗಟ್ಟಲೆ ಹೆಚ್ಚು ಕುಡಿದರೆ ಸೊಂಟ, ಮಂಡಿ ಬಿಗಿಯೋದು ಅದರಿಂದಲೂ ಆಗುತ್ತೆ. ಕಾಯಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚಾಗುತ್ತೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನನ್ನ ಕುಡಿಯೋಕೂ ಅಡಿಗೆಗೂ ಎರಡಕ್ಕೂ ಬಳಸಿ. ಹುಳುಮನೆ ಕೆಲಸದ ನಡುವೆ ಕಾಲುಮಡಿಸೋಕೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯೋದನ್ನೇ ಬಿಡೋರು ಬಹಳ ಜನ, ಉರಿಮೂತ್ರ ಶುರುವಾಗೋದು ಅಲ್ಲಿಂದಲೇ. ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು. ಹುಳುಮನೆ ಬಾಗಿಲಲ್ಲಿ ಒಂದು ಲೀಟರಿನ ಬಾಟಲಿ ಇಟ್ಟು ಪ್ರತಿ ಸೊಪ್ಪಿಗೂ ಒಂದು ಖಾಲಿಯಾಗೋ ಹಾಗೆ ಮಾಡಿಕೊಳ್ಳಿ.

ಬೆನ್ನುಮಂಡಿ, ಕೋಲಾರ

ಸೊಂಟಕ್ಕೆ ಎಣ್ಣೆ ಹಚ್ಚೋ ಮುಂಚೆ ಹುಳು ಸಾಕೋ ಸ್ಟ್ಯಾಂಡಿನ ಎತ್ತರ ಅಳೆಯಿರಿ. ಕೆಳಗಿನ ಅಂತಸ್ತು ನೆಲದಿಂದ ಒಂದಡಿಯಲ್ಲೇ ಇದ್ದರೆ ಸೊಪ್ಪು ಹಾಕೋವಾಗ ಪ್ರತಿ ಸಲ ಪೂರ್ತಿ ಬಾಗಬೇಕು. ಎರಡಡಿಗೆ ಏರಿಸಿ, ಅಂತಸ್ತಿನ ನಡುವೆ ಎರಡಡಿ ಬಿಡಿ, ಅಗಲ ಐದಡಿ ದಾಟದಿರಲಿ, ಎರಡೂ ಕಡೆ ನಡೆಯೋಕೆ ಜಾಗ ಇರಲಿ. ಅಗಲ ಹೆಚ್ಚಿದರೆ ನಡುವಿನ ಹುಳುವಿಗೆ ಕೈ ಎಟುಕಿಸೋಕೆ ಸೊಂಟ ತಿರುಚಬೇಕು. ಬಾಗೋದು ಜೊತೆಗೆ ತಿರುಚೋದು, ಬೆನ್ನುಮೂಳೆಯ ನಡುವಿನ ಮೆತ್ತೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಎತ್ತರ ಏರಿಸೋಕೆ ಆಗದಿದ್ದರೆ ಕೆಳಗಿನ ಅಂತಸ್ತಿನ ಕೆಲಸಕ್ಕೆ ಒಂದು ಮಂಡಿ ಊರಿ ಕೂರಿ, ಮಂಡಿ ಕೆಳಗೆ ಮಡಿಚಿದ ಗೋಣಿಚೀಲ ಇರಲಿ.

ಹೊರೆ 35, 40 ಕೆಜಿ ಕಟ್ಟೋ ಅಭ್ಯಾಸ ಬಿಡಿ. 15 ಕೆಜಿ ಸಾಕು, ಒಂದು ಸಲ ಹೆಚ್ಚು ನಡೆದರೂ ಪರವಾಗಿಲ್ಲ. ತೋಟದಿಂದ ಮನೆಗೆ ದಾರಿ ಇದ್ದರೆ ತಳ್ಳುಗಾಡಿ. ಹೊರೆ ಕಟ್ಟೋದು ನೆಲದ ಮೇಲೆ ಬೇಡ, ಬದುವಿನ ಮೇಲೋ ಕಲ್ಲಿನ ಮೇಲೋ ಇಟ್ಟು ಕಟ್ಟಿದರೆ ಎತ್ತೋ ದೂರ ಅರ್ಧ ಆಗುತ್ತೆ.

ಹುಳುವಿನ ಹಾಸು ಸ್ವಚ್ಛ ಮಾಡೋದಕ್ಕೆ ಹುಳು ಆರಿಸುತ್ತಾ ಕೂರಬೇಡಿ. ನಾಲ್ಕನೇ ಜ್ವರ ಎದ್ದ ಎರಡು ಮೂರನೇ ದಿನ ಹಾಸಿನ ಉದ್ದಕ್ಕೆ ಎರಡು ಹಗ್ಗ ಹಾಸಿ ಅದರ ಮೇಲೆ ಎರಡು ಸಲ ಸೊಪ್ಪು ಹಾಕಿ. ಹುಳು ಮೇಲೆ ಬಂದ ಮೇಲೆ ಎರಡೂ ತುದೀಲಿ ಒಬ್ಬೊಬ್ಬರು ಹಗ್ಗ ಹಿಡಿದು ಸುತ್ತಿ ಎತ್ತಿದರೆ ಕೆಳಗಿನ ಕಸ ಉಳಿಯುತ್ತೆ. ಇದು ಇಬ್ಬರ ಕೆಲಸ, ಒಬ್ಬಳೇ ಎಳೆಯೋಕೆ ಹೋಗಬಾರದು.

ಗೂಡು ಬಿಡಿಸೋವಾಗ ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರೋದರಿಂದ ಮಂಡಿ ಹೋಗುತ್ತೆ. ಚಂದ್ರಿಕೆಯನ್ನ ಗೋಡೆಗೆ ಒರಗಿಸಿ, ಒಂದಡಿ ಎತ್ತರದ ಮಣೆ ಅಥವಾ ಸ್ಟೂಲು ಹಾಕಿಕೊಳ್ಳಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು, ಕೈ ಸೊಂಟಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ.

ರಾತ್ರಿ ಮಲಗಿದಲ್ಲೇ ಮೂರು ಕೆಲಸ: ಎರಡೂ ಮಂಡಿ ಎದೆಗೆ ಎಳೆದು 20 ಎಣಿಸೋದು, ಮಂಡಿ ಮಡಿಚಿ ಸೊಂಟ ಮೇಲೆತ್ತಿ 5 ಎಣಿಸಿ ಇಳಿಸೋದು ಹತ್ತು ಸಲ, ಬೋರಲು ಮಲಗಿ ಮೊಣಕೈ ಮೇಲೆ ಎದೆ ಎತ್ತಿ ಒಂದು ನಿಮಿಷ. ಒಟ್ಟು ಐದು ನಿಮಿಷ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ. ಕಾಲು ಜೋಮು ಹಿಡಿದು ಬಲ ಕಡಿಮೆ ಆದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ, ಹುಳು ಯಾವ ಹಂತದಲ್ಲಿದ್ದರೂ ಸರಿ.

ಸುಣ್ಣ, ವಿಜೇತ ಪುಡಿ (ಹಾಸಿನ ಸೋಂಕು ತೆಗೆಯೋ ಪುಡಿ) ಉದುರಿಸೋವಾಗ, ಹಿಕ್ಕೆ ಬಾಚೋವಾಗ, ಗೂಡು ಬಿಡಿಸೋವಾಗ ಮೂಗಿಗೆ ಮಾಸ್ಕು ಬೇಕು. ಸೆರಗು ಸಾಲದು. ಈ ದೂಳಿನಿಂದ ಉಬ್ಬಸ ಬರೋರು ಇದ್ದಾರೆ. ಹುಳುಮನೆಯ ಸೋಂಕು ತೆಗೆಯೋಕೆ ಫಾರ್ಮಲಿನ್ ಹೊಡೆಯೋ ದಿನ ಬಸುರಿ, ಬಾಣಂತಿ, ಉಬ್ಬಸ ಇರೋರು ಹತ್ತಿರವೂ ಸುಳಿಯಬಾರದು.

ಸೊಪ್ಪಿನತೋಟ, ಶಿಡ್ಲಘಟ್ಟ ತಾಲ್ಲೂಕು

ತುಂಬಾ ಉಪಕಾರ ಆಯ್ತು. ಇನ್ನೂ ಎರಡು ಕೇಳಬೇಕು. ಮುಟ್ಟಾದಾಗ ಹುಳುಮನೆಗೆ ಹೋಗಬಾರದು ಅಂತ ಅತ್ತೆ ಹೇಳ್ತಾರೆ, ಆ ಮೂರು ದಿನದ ಕೆಲಸ ಮಗಳ ಮೇಲೆ ಬೀಳುತ್ತೆ. ಮತ್ತೆ, ಮನೆಯವರಿಗೆ ಕೆಲಸ ಹಂಚೋದು ಹೇಗೆ? ಕೇಳಿದಾಗ ಎಲ್ಲರೂ "ಮಾಡ್ತೀವಿ" ಅಂತಾರೆ, ಹೊತ್ತಿಗೆ ಯಾರೂ ಇರಲ್ಲ.

ಸಂಘದ_ಪುಸ್ತಕ, ಮುಳಬಾಗಿಲು

ಮುಟ್ಟಿಗೂ ಹುಳುವಿಗೂ ಸಂಬಂಧ ಇಲ್ಲ. ಹುಳುವಿಗೆ ರೋಗ ತರೋದು ತೊಳೆಯದ ಕೈ, ಹೊರಗಿನ ಚಪ್ಪಲಿ, ಸತ್ತ ಹುಳು ಮುಟ್ಟಿದ ಕೈಯಲ್ಲೇ ಸೊಪ್ಪು ಹಾಕೋದು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಟ್ಟು ಒಳಗೆ ಹೋಗೋ ಪ್ರತಿಯೊಬ್ಬರೂ ಕೈ ಕಾಲು ತೊಳೆಯೋ ನಿಯಮ ಮಾಡಿ. ಮುಟ್ಟಾದವರಿಗೂ ಅದೇ ನಿಯಮ, ಮಾರುಕಟ್ಟೆಯಿಂದ ಬಂದ ಗಂಡಸರಿಗೂ ಅದೇ. ಅತ್ತೆಯವರ ಜೊತೆ ವಾದಕ್ಕೆ ನಿಲ್ಲಬೇಡಿ. ಶುಚಿ ಅನ್ನೋ ಮಾತಿಗೆ ಅವರು ಬೇಗ ಒಪ್ತಾರೆ. ಆ ಮೂರು ದಿನ ವಿಶ್ರಾಂತಿ ಅಂತ ಯಾರಾದರೂ ಅಂದರೆ ನಂಬಬೇಡಿ. ಹುಳುಮನೆ ತಪ್ಪಿದರೂ ಕೊಟ್ಟಿಗೆ, ಬಟ್ಟೆ, ತೋಟದ ಕಳೆ ಎಲ್ಲ ಆಕೆಯದೇ, ತಪ್ಪೋದು ಮಗಳ ಓದು. ಆದರೆ ರಕ್ತಸ್ರಾವ ಹೆಚ್ಚಿರೋ ಮೊದಲ ಎರಡು ದಿನ ಹೊರೆ ಹೊರೋದನ್ನ ಗಂಡ ವಹಿಸ್ಕೊಳ್ಳಲಿ, ಅದು ನ್ಯಾಯ.

ಕೆಲಸ ಹಂಚೋದರಲ್ಲಿ ಎಲ್ಲರೂ ಎಡವೋದು "ಸ್ವಲ್ಪ ಸಹಾಯ ಮಾಡಿ" ಅನ್ನೋ ಕಡೆ. ಸಹಾಯ ಅಂದರೆ ಕೆಲಸ ಇನ್ನೂ ಆಕೆಯದೇ, ನೆನಪಿಟ್ಟುಕೊಂಡು ಕರೆಯೋದೂ ಆಕೆಯೇ. ಒಂದು ಕೆಲಸವನ್ನ ತಲೆಯಿಂದ ಬುಡದವರೆಗೆ ಒಬ್ಬರಿಗೆ ಬಿಟ್ಟುಕೊಡಿ. ಬೆಳಗಿನ ಹಾಲು ಗಂಡನದು: ಕೊಟ್ಟಿಗೆ ಬಾಚೋದು, ಕರೆಯೋದು, ಡೈರಿಗೆ ಹಾಕೋದು, ಪಾತ್ರೆ ತೊಳೆಯೋದು ಎಲ್ಲ. ಪಾತ್ರೆ ತೊಳೆಯೋದು ಬಿಟ್ಟುಹೋದರೆ ಹಂಚಿದ ಹಾಗಾಗಲಿಲ್ಲ. ರಾತ್ರಿ ಒಂಬತ್ತರ ಸೊಪ್ಪು ಗಂಡ ಹೆಂಡತಿ ಇಬ್ಬರದೂ, ಒಂದೊಂದು ಕಡೆ ಒಬ್ಬೊಬ್ಬರು, 150 ಮೊಟ್ಟೆಗೆ ಮುಕ್ಕಾಲು ಗಂಟೆ ಸಾಕಾಗಬೇಕು. ಮಗನಿಗೆ ಕುಡಿಯೋ ನೀರಿನ ಕ್ಯಾನು, ಸಂಜೆ ಹಸುವಿನ ನೀರು. ಅತ್ತೆ ಕೂತು ಮಾಡೋವು, ಸೊಪ್ಪು ಸೋಸೋದು, ಕಾಳು ಬಿಡಿಸೋದು, ಮಧ್ಯಾಹ್ನದ ಅನ್ನಕ್ಕೆ ಇಡೋದು. ಸಕ್ಕರೆ ಕಾಯಿಲೆಯವರು ಊಟದ ಹೊತ್ತು ತಪ್ಪಿಸಬಾರದು, ಹಾಗಾಗಿ ಅಡಿಗೆ ಅವರ ಹೊತ್ತಿಗೆ ಹೊಂದಿದರೆ ಆಕೆಯ ಊಟವೂ ಹೊತ್ತಿಗೆ ಸೇರುತ್ತೆ. ಎಸ್ಸೆಸ್ಸೆಲ್ಸಿ ಮಗಳಿಗೆ ಭಾರದ ವಾರದಲ್ಲಿ ಒಂದೇ ಕೆಲಸ ಕೊಡಿ, ಎರಡನೇದು ಬೇಡ.

ಊಟದ ಬಗ್ಗೆ ಇನ್ನೊಂದು. ಎಲ್ಲರೂ ತಿಂದ ಮೇಲೆ ಉಳಿದದ್ದು ಅಮ್ಮನಿಗೆ ಅನ್ನೋ ಮನೇಲಿ ಸಾರಿನ ತಳದಲ್ಲಿ ಕಾಳು ಉಳಿದಿರಲ್ಲ. ಸಾರು ಇಳಿಸಿದ ತಕ್ಷಣ ಮೊದಲ ಎರಡು ಸೌಟು ಕಾಳು ಸಮೇತ ಆಕೆಯ ಡಬ್ಬಿಗೆ ಎತ್ತಿಡಬೇಕು. ಡಬ್ಬಿ ಆಕೆಯದೇ ಅಂತ ಎಲ್ಲರಿಗೂ ಗೊತ್ತಿರಬೇಕು. ಭಾರದ ವಾರಕ್ಕೆ ಮೊದಲೇ ಹುರಿಹಿಟ್ಟು, ಕಾಳಿನ ಪುಡಿ, ಒಂದು ಬಾಟಲಿ ಉಪ್ಪಿನಕಾಯಿ ಸಿದ್ಧ ಇಟ್ಟುಕೊಳ್ಳಿ. ಆ ವಾರ ಎರಡು ಬಗೆ ಸಾರು, ರೊಟ್ಟಿ ಮಾಡೋಕೆ ಹೋಗಬೇಡಿ. ಒಂದೇ ಸಾರು, ಮುದ್ದೆ, ಮಜ್ಜಿಗೆ.

ಚಿಂತಾಮಣಿಯವರು ಹುಳು ಬಿಟ್ಟ ಮೇಲಿನ ಒಂದು ದಿನ ಆಕೆಗೆ ಅಂತಾರೆ, ಗೌರಿಬಿದನೂರಿನವರು ಹುಳುವಿನ ಜ್ವರದ ದಿನ ಆಸ್ಪತ್ರೆಗೆ ಅಂತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಜ್ವರದ ದಿನ ಯಾವ ಹೊತ್ತಿಗೆ ಬರುತ್ತೆ ಅಂತ ಖಚಿತ ಇರಲ್ಲ, ಬಂದಾಗ ಬೇರೆ ಕೆಲಸ ನುಗ್ಗುತ್ತೆ. ದಿನವೂ ಮಧ್ಯಾಹ್ನದ ಸೊಪ್ಪು ಹಾಕಿದ ಮೇಲೆ ಮೂರರಿಂದ ಮೂರೂಮುಕ್ಕಾಲು ಕಾಲು ಚಾಚಿ ಮಲಗೋದನ್ನ ಗಟ್ಟಿ ಮಾಡಿಕೊಂಡರೆ ಅದು ಕೈ ತಪ್ಪಲ್ಲ. ಆ ಹೊತ್ತಲ್ಲಿ ಫೋನು ಗಂಡನ ಹತ್ತಿರ ಇರಲಿ.

ಸಾಲದ ಕಂತು ವಾರಕ್ಕೊಮ್ಮೆ ಇದ್ದರೆ ಗೂಡು ಮಾರೋ ತಾರೀಖಿಗೆ ಹೊಂದೋ ಹಾಗೆ ತಿಂಗಳ ಕಂತಿಗೆ ಬದಲಾಯಿಸೋಕೆ ಆಗುತ್ತಾ ಕೇಳಿ. ಆಗದಿದ್ದರೆ ಸ್ತ್ರೀಶಕ್ತಿ ಸಂಘದ ಸಾಲಕ್ಕೆ ದಾಟಿಸಿ. ಬುಧವಾರದ ಕಂತಿನ ಚಿಂತೆಗೇ ಮಂಗಳವಾರ ರಾತ್ರಿ ನಿದ್ದೆ ಬರದ ಮನೆಗಳು ಬಹಳ ಇವೆ.

ತಾಯಿಕಾರ್ಡು, ಗೌರಿಬಿದನೂರು

ನಿದ್ದೆ ಅಂದ್ರಲ್ಲ, ಅದಕ್ಕೆ ಒಂದು ಸೇರಿಸ್ತೀನಿ. ಮಲಗೋಕೆ ಹೊತ್ತು ಸಿಕ್ಕಿದ ಮೇಲೂ ಎರಡು ವಾರ ನಿದ್ದೆ ಬರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ಆಯಾಸ ಅಲ್ಲ. 14416 ಗೆ ಫೋನ್ ಮಾಡಿ, ಟೆಲಿಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡ್ತಾರೆ. ಹುಳುಮನೆಯಲ್ಲಿ ಒಬ್ಬರೇ ಇರೋವಾಗಲೂ ಮಾಡಬಹುದು, ಮನೆಯವರಿಗೆ ಹೇಳಿಯೇ ಮಾಡಬೇಕು ಅಂತಿಲ್ಲ.

30 ದಾಟಿದ್ದರೆ ಉಪಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡ್ತಾರೆ. ಅತ್ತೆಯವರ ಸಕ್ಕರೆ ನೋಡಿಸೋಕೆ ಕರ್ಕೊಂಡು ಹೋದಾಗ ನಿಮ್ಮದೂ ನೋಡಿಸಿಬಿಡಿ.

ಸೊಪ್ಪಿನತೋಟ, ಶಿಡ್ಲಘಟ್ಟ ತಾಲ್ಲೂಕು

ಕೊನೇದು ಒಂದು. ಸಂಜೆ ಕೊಯ್ದ ಸೊಪ್ಪು ಬೆಳಿಗ್ಗೆ ಆರಕ್ಕೆ ಹಾಕೋ ಹೊತ್ತಿಗೆ ಬಿಸಿಯಾಗಿ ಕಮಟು ಬರುತ್ತೆ. ಬೆಳಿಗ್ಗೆ ಬೇಗ ಏಳೋದು ತಪ್ಪಿಸೋಕೆ ಅಂತ ಇಟ್ಟರೆ ಹುಳುವಿಗೆ ತೊಂದರೆ ಆಗಲ್ವಾ?

ಹುಳುಮನೆ_ಲೆಕ್ಕ, ಚಿಂತಾಮಣಿ

ರಾಶಿ ಹಾಕಿದ್ದಕ್ಕೆ ಹಾಗಾಗಿದೆ. ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತೆ, ಒತ್ತಿದ ರಾಶಿಯೊಳಗೆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಹೊರೆ ಮನೆಗೆ ಬಂದ ತಕ್ಷಣ ಕಟ್ಟು ಬಿಚ್ಚಿ. ಕಡ್ಡಿಯ ಬುಡ ಕೆಳಗೆ, ತುದಿ ಮೇಲೆ ಮಾಡಿ ಗೋಡೆಗೆ ಒರಗಿಸಿ ಸಡಿಲವಾಗಿ ನಿಲ್ಲಿಸಿ. ನೆಲ ತಂಪಾಗಿರೋ, ಗಾಳಿ ನೇರ ಬಡಿಯದ ಕೋಣೆ ಆಗಬೇಕು, ಹುಳುಮನೆಯೊಳಗೇ ಬೇಡ. ಗೋಣಿಚೀಲ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮೇಲೆ ಹೊದಿಸಿ. ನೀರು ತೊಟ್ಟಿಕ್ಕೋ ಚೀಲ ಹೊದಿಸಿದರೆ, ಇಲ್ಲ ಸೊಪ್ಪಿನ ಮೇಲೇ ನೀರು ಚಿಮುಕಿಸಿದರೆ ಒದ್ದೆ ಎಲೆ ತಿಂದು ಹುಳುವಿಗೆ ಸಪ್ಪೆರೋಗ ಬರುತ್ತೆ, ಹಾಸೂ ಒದ್ದೆ ಆಗುತ್ತೆ.

ರಾತ್ರಿ ಒಂಬತ್ತರ ಸೊಪ್ಪು ಹಾಕೋಕೆ ಎದ್ದಾಗ ಬೆಳಗಿನ ಸೊಪ್ಪಿನ ನಡುವೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಇನ್ನಷ್ಟು ಬಿಡಿಸಿ ನಿಲ್ಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಚೀಲ ಒಣಗಿರುತ್ತೆ, ಆ ಹೊತ್ತಿಗೇ ಇನ್ನೊಂದು ಸಲ ಅದ್ದಿ ಹಿಂಡಿ ಹೊದಿಸಿದರೆ ಬೆಳಿಗ್ಗೆವರೆಗೆ ನಿಲ್ಲುತ್ತೆ. ಮಳೆಗಾಲದಲ್ಲಿ ಚೀಲವೇ ಬೇಡ. ಬೆಳಿಗ್ಗೆ ಹಾಕೋವಾಗ ಹಳದಿ ತಿರುಗಿದ ಬುಡದ ಎಲೆ ಕಂಡರೆ ಆ ಕಡ್ಡಿ ಹಸುವಿಗೆ ಹಾಕಿ, ಹುಳುವಿಗೆ ಬೇಡ.